ಗೇಮಿಂಗ್ ಲ್ಯಾಪ್‌ಟಾಪ್‌ನ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಬೇಕೆ, ಬೇಡವೆ: ಅಳೆದು ನೋಡಿ ನಿರ್ಧರಿಸುವ ಕ್ರಮ

ಓವರ್‌ಕ್ಲಾಕ್ ಮಾಡಿದ ಮೇಲೆ, ಅಂದರೆ ಪ್ರೊಸೆಸರನ್ನು ಕಂಪನಿ ನಿಗದಿಪಡಿಸಿದ್ದಕ್ಕಿಂತ ಹೆಚ್ಚಿನ ವೇಗದಲ್ಲಿ ಓಡಿಸಿದ ಮೇಲೆ, ಆಟ ಮೊದಲಿಗಿಂತ ನಿಧಾನವಾಯಿತು ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಹೀಗೆ ಹೇಳುವವರಲ್ಲಿ ಹೆಚ್ಚಿನವರು ಮಾಡಿರುವ ತಪ್ಪು ಒಂದೇ: ಏನನ್ನೂ ಅಳೆಯದೆ ನೇರವಾಗಿ ಸ್ಲೈಡರ್ ಎಳೆದಿರುತ್ತಾರೆ. ಡೆಸ್ಕ್‌ಟಾಪ್‌ನಲ್ಲಿ ಪ್ರೊಸೆಸರಿಗೆಂದೇ ಬೇರೆ ಕೂಲರ್ ಇರುತ್ತದೆ, ಧಾರಾಳವಾದ ಪವರ್ ಸಪ್ಲೈ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಚಿಪ್ ಎರಡೂ ಸಾಮಾನ್ಯವಾಗಿ ಒಂದೇ ತಾಮ್ರದ ಹೀಟ್‌ಪೈಪ್ ಜೋಡಣೆಗೆ ತಮ್ಮ ಬಿಸಿಯನ್ನು ಸುರಿಯುತ್ತವೆ ಮತ್ತು ಒಂದೇ ಅಡಾಪ್ಟರ್‌ನ ವಿದ್ಯುತ್ತನ್ನು ಹಂಚಿಕೊಳ್ಳುತ್ತವೆ. ಆದ್ದರಿಂದ ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ.

ಮುಂದಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಬೇಕು. ಯಾವ ಹಂತದಲ್ಲಾದರೂ ‘ಇಲ್ಲಿಗೆ ನಿಲ್ಲಿಸಿ’ ಎಂಬ ಉತ್ತರ ಬಂದರೆ ನಿಜಕ್ಕೂ ಅಲ್ಲಿಗೇ ನಿಲ್ಲಿಸಿ. ಬಹುಪಾಲು ಓದುಗರು ಆರನೇ ಹಂತ ದಾಟುವುದಿಲ್ಲ, ದಾಟಬೇಕಾಗಿಯೂ ಇಲ್ಲ.

ಮೊದಲು ಜೋಡಿಸಿಕೊಳ್ಳಬೇಕಾದ ಸಲಕರಣೆ

ತಾಪಮಾನ, ವ್ಯಾಟ್ ಮತ್ತು ಕ್ಲಾಕ್ ವೇಗವನ್ನು ದಾಖಲಿಸಲು ಎಚ್‌ಡಬ್ಲ್ಯುಇನ್ಫೋ, ಪ್ರೊಸೆಸರಿಗೆ ಪೂರ್ತಿ ಹೊರೆ ಕೊಡಲು ಸಿನೆಬೆಂಚ್ ಆರ್23, ಆಟದೊಳಗೆ ಫ್ರೇಮ್ ದರ (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) ನೋಡಲು ಎಂಎಸ್‌ಐ ಆಫ್ಟರ್‌ಬರ್ನರ್ ಬೇಕು. ಬದಲಾವಣೆ ಮಾಡಲು ಇಂಟೆಲ್ ಯಂತ್ರಗಳಿಗೆ ಥ್ರಾಟಲ್‌ಸ್ಟಾಪ್ ಅಥವಾ ಇಂಟೆಲ್‌ನ ಎಕ್ಸ್‌ಟಿಯು ಸಾಕು. ಎಎಂಡಿ ಯಂತ್ರವಾದರೆ ಲ್ಯಾಪ್‌ಟಾಪ್ ಕಂಪನಿ ಕೊಟ್ಟಿರುವ ಸಾಫ್ಟ್‌ವೇರ್ ಮತ್ತು ಬಯಾಸ್ (ಯಂತ್ರ ಹಚ್ಚಿದೊಡನೆ ವಿಂಡೋಸ್‌ಗಿಂತ ಮೊದಲು ಓಡುವ ಮೂಲ ತಂತ್ರಾಂಶ) ಎಷ್ಟಕ್ಕೆ ಅವಕಾಶ ಕೊಡುತ್ತವೆಯೋ ಅಷ್ಟೇ ನಿಮ್ಮ ವ್ಯಾಪ್ತಿ.

ಇವುಗಳ ಜೊತೆಗೆ ಕೋಣೆಯ ತಾಪಮಾನ ತೋರಿಸುವ ಒಂದು ಅಗ್ಗದ ಥರ್ಮಾಮೀಟರ್, ಸಣ್ಣ ಸ್ಟಾರ್ ಸ್ಕ್ರೂಡ್ರೈವರ್, ಮೃದುವಾದ ಬ್ರಷ್ ಮತ್ತು ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ನೋಟ್‌ಬುಕ್ ಏಕೆ ಎಂದು ನಗಬೇಡಿ. ನೀಲಿ ಪರದೆ ಬಂದು ಯಂತ್ರ ಆರಿಹೋದಾಗ, ಕೊನೆಯದಾಗಿ ಯಾವ ಅಂಕಿಯನ್ನು ಬದಲಿಸಿದ್ದಿರಿ ಎಂಬುದು ಆ ಯಂತ್ರದೊಳಗಿನ ಫೈಲ್‌ನಲ್ಲಿದ್ದರೆ ಪ್ರಯೋಜನವಿಲ್ಲ. ಮುಖ್ಯವಾದ ಕಡತಗಳ ಬ್ಯಾಕಪ್ ತೆಗೆದ ನಂತರವೇ ಮುಂದಿನ ಕೆಲಸ.

1. ಪ್ರೊಸೆಸರಿನ ಬೀಗ ತೆರೆದಿದೆಯೇ ಎಂದು ಖಚಿತಪಡಿಸಿಕೊಳ್ಳಿ

ಟಾಸ್ಕ್ ಮ್ಯಾನೇಜರ್‌ನ ಪರ್ಫಾರ್ಮೆನ್ಸ್ ಪುಟದಲ್ಲಿ ಪ್ರೊಸೆಸರಿನ ಪೂರ್ಣ ಹೆಸರು ಸಿಗುತ್ತದೆ. ಇಂಟೆಲ್ ಚಿಪ್‌ನ ಹೆಸರು ಬರೀ ‘ಎಚ್’ ಅಕ್ಷರದಲ್ಲಿ ಮುಗಿದರೆ, ಉದಾಹರಣೆಗೆ ಐ7-9750ಎಚ್ ಅಥವಾ ಐ7-12700ಎಚ್ ಆದರೆ, ಅದರ ಮಲ್ಟಿಪ್ಲೈಯರಿಗೆ (ಬೇಸ್ ಕ್ಲಾಕನ್ನು ಎಷ್ಟು ಪಟ್ಟು ಮಾಡಿ ವೇಗ ಪಡೆಯಬೇಕೆಂದು ಹೇಳುವ ಅಂಕಿಗೆ) ಬೀಗ ಹಾಕಲಾಗಿದೆ ಎಂದರ್ಥ. ಕಂಪನಿ ನಿಗದಿಪಡಿಸಿದ ಗರಿಷ್ಠ ಟರ್ಬೊ ವೇಗವನ್ನು, ಅಂದರೆ ಹೊರೆ ಬಿದ್ದಾಗ ಚಿಪ್ ತಾನಾಗಿ ಏರುವ ವೇಗವನ್ನು, ನೀವು ಮೀರಲಾರಿರಿ. ಐ9-9980ಎಚ್‌ಕೆ, ಐ9-12900ಎಚ್‌ಕೆ ಮುಂತಾದ ‘ಎಚ್‌ಕೆ’ ಚಿಪ್‌ಗಳಿಗೆ ಬೀಗವಿಲ್ಲ. ‘ಎಚ್‌ಎಕ್ಸ್’ ಚಿಪ್‌ಗಳಲ್ಲಿ ಹಲವು ತೆರೆದಿವೆ, ಆದರೆ ಎಲ್ಲವೂ ಅಲ್ಲ. ನಿಮ್ಮ ಚಿಪ್‌ನ ಪೂರ್ತಿ ಸಂಖ್ಯೆಯನ್ನು ಇಂಟೆಲ್‌ನ ಅಧಿಕೃತ ವಿವರಪಟ್ಟಿಯಲ್ಲಿ ಹುಡುಕಿ ನೋಡುವುದೇ ಸರಿ. ಎಎಂಡಿಯಲ್ಲಿ ರೈಜನ್ 9 5900ಎಚ್‌ಎಕ್ಸ್ ತೆರೆದಿರುವ ಚಿಪ್, ರೈಜನ್ 7 5800ಎಚ್ ಅಲ್ಲ.

ಚಿಪ್‌ಗೆ ಬೀಗವಿಲ್ಲದಿದ್ದರೂ ಲ್ಯಾಪ್‌ಟಾಪ್ ತಯಾರಕರ ಬಯಾಸ್ ಬೀಗ ಹಾಕಿರಬಹುದು. ಅದನ್ನು ತೆಗೆಯಲು ಯಾರೋ ತಿದ್ದಿ ಹಂಚಿದ ಬಯಾಸ್ ಫೈಲನ್ನು ಹಾಕಿಕೊಳ್ಳುವವರಿದ್ದಾರೆ. ಅದು ಕೆಟ್ಟರೆ ಯಂತ್ರ ಬೂಟ್ ಆಗುವುದಿಲ್ಲ, ಚಿಪ್ ಪ್ರೋಗ್ರಾಮರ್ ಇರುವ ರಿಪೇರಿಯವರನ್ನು ಹುಡುಕಿಕೊಂಡು ಹೋಗಬೇಕಾಗುತ್ತದೆ. ಆ ದಾರಿ ಈ ಮಾರ್ಗದರ್ಶಿಯ ಹೊರಗಿನದು.

ಇಲ್ಲಿ ಒಂದು ಗೊಂದಲವನ್ನು ಬಿಡಿಸಬೇಕು. ಪವರ್ ಲಿಮಿಟ್ ಏರಿಸುವುದು ಓವರ್‌ಕ್ಲಾಕ್ ಅಲ್ಲ. ಪಿಎಲ್1 ಎಂಬುದು ಪ್ರೊಸೆಸರ್ ದೀರ್ಘಕಾಲ ಬಳಸಬಹುದಾದ ವ್ಯಾಟ್, ಪಿಎಲ್2 ಎಂಬುದು ಸ್ವಲ್ಪ ಹೊತ್ತು ಮಾತ್ರ ಬಳಸಬಹುದಾದ ವ್ಯಾಟ್. ಐ7-12700ಎಚ್‌ಗೆ ಇಂಟೆಲ್ ಕೊಟ್ಟಿರುವ ಮೂಲ ಅಂಕಿ 45 ವ್ಯಾಟ್, ಟರ್ಬೊದ ಗರಿಷ್ಠ ಅಂಕಿ 115 ವ್ಯಾಟ್. ಇವೆರಡರ ನಡುವೆ ಎಲ್ಲಿ ನಿಲ್ಲಿಸಬೇಕೆಂಬುದನ್ನು ಲ್ಯಾಪ್‌ಟಾಪ್ ತಯಾರಕರು ತಮ್ಮ ಕೂಲಿಂಗ್ ನೋಡಿ ನಿರ್ಧರಿಸುತ್ತಾರೆ. ‘ಟರ್ಬೊ’ ಅಥವಾ ‘ಪರ್ಫಾರ್ಮೆನ್ಸ್’ ಎಂಬ ಬಟನ್ ಒತ್ತಿದಾಗ ಬದಲಾಗುವುದು ಹೆಚ್ಚಾಗಿ ಈ ಅಂಕಿಗಳು ಮತ್ತು ಫ್ಯಾನ್ ವೇಗ.

ಬೀಗ ಹಾಕಿದ ಚಿಪ್ ನಿಮ್ಮದಾಗಿದ್ದರೆ ಓವರ್‌ಕ್ಲಾಕ್‌ನ ಪ್ರಶ್ನೆ ಇಲ್ಲಿಗೆ ಮುಗಿಯಿತು. ಆದರೂ ಎರಡರಿಂದ ಐದರವರೆಗಿನ ಹಂತಗಳನ್ನು ಬಿಡಬೇಡಿ, ಏಕೆಂದರೆ ನಿಮಗೆ ಸಿಗಬೇಕಾದ ಲಾಭವೆಲ್ಲ ಇರುವುದು ಅಲ್ಲೇ.

2. ಆಟವನ್ನು ತಡೆಹಿಡಿಯುತ್ತಿರುವುದು ಪ್ರೊಸೆಸರ್ ಹೌದೇ ಎಂದು ಪರೀಕ್ಷಿಸಿ

ನೀವು ಹೆಚ್ಚು ಆಡುವ ಆಟವನ್ನೇ ತೆರೆಯಿರಿ. ಫ್ರೇಮ್ ದರವನ್ನು ಪರದೆಯ ವೇಗಕ್ಕೆ ಕಟ್ಟಿಹಾಕುವ ವಿ-ಸಿಂಕ್ ಅನ್ನು ಆಫ್ ಮಾಡಿ, ಫ್ರೇಮ್ ಮಿತಿ ಇದ್ದರೆ ತೆಗೆಯಿರಿ. ಹೊರೆ ಹೆಚ್ಚಿರುವ ಒಂದು ದೃಶ್ಯದಲ್ಲಿ ನಿಂತು ಗ್ರಾಫಿಕ್ಸ್ ಚಿಪ್‌ನ ಬಳಕೆ ಎಷ್ಟಿದೆ ನೋಡಿ. ಅದು ಶೇ. 95ಕ್ಕಿಂತ ಮೇಲೆ ನಿಂತಿದ್ದರೆ ತಡೆ ಗ್ರಾಫಿಕ್ಸ್‌ನದು. ಪ್ರೊಸೆಸರನ್ನು ಎಷ್ಟು ಓಡಿಸಿದರೂ ಫ್ರೇಮ್ ದರ ಏರುವುದಿಲ್ಲ. ಇಲ್ಲಿಗೆ ನಿಲ್ಲಿಸಿ.

ಅನುಮಾನ ಉಳಿದರೆ ರೆಸಲ್ಯೂಷನ್ನನ್ನು 1080ಪಿಯಿಂದ 720ಪಿಗೆ ಇಳಿಸಿ ಅದೇ ದೃಶ್ಯವನ್ನು ಮತ್ತೆ ನೋಡಿ. ಫ್ರೇಮ್ ದರ ಜಿಗಿದರೆ ತಡೆ ಗ್ರಾಫಿಕ್ಸ್‌ನದು, ಇದ್ದಲ್ಲೇ ಇದ್ದರೆ ಪ್ರೊಸೆಸರಿನದು ಅಥವಾ ಮೆಮೊರಿಯದು.

ಟಾಸ್ಕ್ ಮ್ಯಾನೇಜರ್ ಪ್ರೊಸೆಸರ್ ಬಳಕೆ ಶೇ. 40 ಎಂದು ತೋರಿಸುತ್ತಿದೆ, ಹಾಗಾಗಿ ಪ್ರೊಸೆಸರ್ ಆರಾಮಾಗಿದೆ ಎಂದು ತೀರ್ಮಾನಿಸುವುದು ಸಾಮಾನ್ಯ ತಪ್ಪು. ಪ್ರೊಸೆಸರ್ ಏಕಕಾಲಕ್ಕೆ ಓಡಿಸುವ ಹನ್ನೆರಡು ಥ್ರೆಡ್‌ಗಳಲ್ಲಿ (ಕೆಲಸದ ಸಾಲುಗಳಲ್ಲಿ) ಆಟದ ಮುಖ್ಯ ಥ್ರೆಡ್ ಒಂದೇ ಪೂರ್ತಿ ದಣಿದಿದ್ದು ಉಳಿದವು ತಮ್ಮ ಶಕ್ತಿಯ ಮೂರನೇ ಒಂದು ಭಾಗದಷ್ಟೇ ದುಡಿಯುತ್ತಿದ್ದರೂ ಸರಾಸರಿ ಹಾಗೆಯೇ ಕಾಣುತ್ತದೆ. ಎಚ್‌ಡಬ್ಲ್ಯುಇನ್ಫೋದಲ್ಲಿ ಅತಿ ಹೆಚ್ಚು ಬಳಕೆಯಾದ ಥ್ರೆಡ್‌ನ ಸಾಲು ಪ್ರತ್ಯೇಕವಾಗಿದೆ, ನೋಡಬೇಕಾದದ್ದು ಅದನ್ನು.

ಇದೇ ಹಂತದಲ್ಲಿ ಮೆಮೊರಿಯನ್ನೂ ಗಮನಿಸಿ. ನಮ್ಮಲ್ಲಿ ಮಾರಾಟವಾಗುವ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಒಂದೇ ರ್‍ಯಾಮ್ ಸ್ಟಿಕ್ ಇದ್ದು ಎರಡನೇ ಸ್ಲಾಟ್ ಖಾಲಿಯಿರುತ್ತದೆ. ಒಂದೇ ಚಾನಲ್‌ನಲ್ಲಿ ಓಡುವ ಮೆಮೊರಿ, ಪ್ರೊಸೆಸರ್ ಮೇಲೆ ಅವಲಂಬಿತವಾದ ಆಟಗಳಲ್ಲಿ ಫ್ರೇಮ್ ದರವನ್ನು ಎದ್ದು ಕಾಣುವಷ್ಟು ತಗ್ಗಿಸುತ್ತದೆ. ಎರಡನೇ ಸ್ಟಿಕ್ ಹಾಕದೆ ಓವರ್‌ಕ್ಲಾಕ್‌ಗೆ ಹೊರಡುವುದು ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಮುಡಿದಂತೆ. ಮಕ್ಸ್ ಸ್ವಿಚ್ (ಪರದೆಗೆ ಯಾವ ಗ್ರಾಫಿಕ್ಸ್‌ನಿಂದ ಚಿತ್ರ ಹೋಗಬೇಕೆಂದು ಬದಲಿಸುವ ಸೌಲಭ್ಯ) ಇರುವ ಯಂತ್ರವಾದರೆ ಪರದೆಯನ್ನು ನೇರವಾಗಿ ಗ್ರಾಫಿಕ್ಸ್ ಚಿಪ್‌ಗೆ ಜೋಡಿಸಿಯೂ ಒಮ್ಮೆ ಅಳೆಯಿರಿ. ಇದಕ್ಕೆ ಖರ್ಚೂ ಇಲ್ಲ, ಅಪಾಯವೂ ಇಲ್ಲ.

3. ಏನನ್ನೂ ಬದಲಿಸದೆ ಅರ್ಧ ಗಂಟೆಯ ದಾಖಲೆ ತೆಗೆಯಿರಿ

ಅಡಾಪ್ಟರ್ ಚುಚ್ಚಿ, ಲ್ಯಾಪ್‌ಟಾಪನ್ನು ಗಟ್ಟಿಯಾದ ಮೇಜಿನ ಮೇಲಿಟ್ಟು, ಕೋಣೆಯ ತಾಪಮಾನವನ್ನು ಬರೆದುಕೊಂಡು, ಎಚ್‌ಡಬ್ಲ್ಯುಇನ್ಫೋದಲ್ಲಿ ಲಾಗಿಂಗ್ ಆರಂಭಿಸಿ 30 ನಿಮಿಷ ಆಡಿ. ಮೊದಲ ಐದು ನಿಮಿಷದ ಅಂಕಿಗಳನ್ನು ನಂಬಬೇಡಿ. ಆಗಿನ್ನೂ ಹೀಟ್‌ಸಿಂಕ್ ಪೂರ್ತಿ ಕಾದಿರುವುದಿಲ್ಲ, ಪ್ರೊಸೆಸರ್ ಪಿಎಲ್2ರ ಔದಾರ್ಯದಲ್ಲಿ ಓಡುತ್ತಿರುತ್ತದೆ.

ಒಂದು ದಾಖಲೆ ಹೀಗಿದೆ ಎಂದುಕೊಳ್ಳಿ. ಮೊದಲ ನಿಮಿಷದಲ್ಲಿ 4.2 ಗಿಗಾಹರ್ಟ್ಸ್, 80 ವ್ಯಾಟ್, 88 ಡಿಗ್ರಿ ಸೆಲ್ಸಿಯಸ್. ಹತ್ತನೇ ನಿಮಿಷಕ್ಕೆ 3.7 ಗಿಗಾಹರ್ಟ್ಸ್, 55 ವ್ಯಾಟ್, 96 ಡಿಗ್ರಿ. ಇಪ್ಪತ್ತೈದನೆಯ ನಿಮಿಷದಲ್ಲಿ 3.5 ಗಿಗಾಹರ್ಟ್ಸ್, 50 ವ್ಯಾಟ್, ತಾಪಮಾನ ಮಾತ್ರ ಅದೇ 96. ವ್ಯಾಟ್ ಇಳಿಯುತ್ತಿದ್ದರೂ ಡಿಗ್ರಿ ಇಳಿಯುತ್ತಿಲ್ಲ. ಕೂಲಿಂಗ್ ಸೋತಿದೆ, ಪ್ರೊಸೆಸರ್ ತನಗೆ ಈಗಾಗಲೇ ಇರುವ 4.2ರ ವೇಗವನ್ನೇ ಉಳಿಸಿಕೊಳ್ಳಲಾಗದೆ ಹಿಂದೆ ಸರಿಯುತ್ತಿದೆ. ಇಂಥ ಯಂತ್ರಕ್ಕೆ 4.5ರ ಗುರಿ ಕೊಟ್ಟರೆ ಇನ್ನೂ ಬೇಗ ಕಾದು ಇನ್ನೂ ಬೇಗ ಕುಗ್ಗುತ್ತದೆ. ಆರಂಭದಲ್ಲಿ ಹೇಳಿದ ದೂರಿನ ಮೂಲ ಇದೇ.

ಕಾರಣ ಬಿಸಿಯೋ ವ್ಯಾಟ್ ಮಿತಿಯೋ ಎಂದು ತಿಳಿಯಲು ಥ್ರಾಟಲ್‌ಸ್ಟಾಪ್‌ನ ‘ಲಿಮಿಟ್ಸ್’ ಕಿಟಕಿಯನ್ನು ತೆರೆಯಿರಿ. ಕೆಂಪು ಚೌಕ ಎಂದರೆ ಆ ಮಿತಿ ಈ ಕ್ಷಣ ಪ್ರೊಸೆಸರನ್ನು ತಡೆಯುತ್ತಿದೆ. ಹಳದಿ ಎಂದರೆ ಸ್ವಲ್ಪ ಹಿಂದೆ ತಡೆದಿತ್ತು. ‘ಥರ್ಮಲ್’ ಕೆಂಪಾಗಿದ್ದರೆ ನಾಲ್ಕನೇ ಹಂತಕ್ಕೆ ಹೋಗಿ. ‘ಪಿಎಲ್1’ ಕೆಂಪಾಗಿದ್ದು ತಾಪಮಾನ 80ರ ಆಸುಪಾಸಿನಲ್ಲಿದ್ದರೆ ಕೂಲಿಂಗ್ ಗಟ್ಟಿಯಾಗಿದೆ, ತಯಾರಕರ ವ್ಯಾಟ್ ಮಿತಿ ಬಿಗಿಯಾಗಿದೆ. ಅಂಥವರು ತಯಾರಕರ ಪರ್ಫಾರ್ಮೆನ್ಸ್ ಮೋಡ್‌ನಲ್ಲಿ ಇದೇ ದಾಖಲೆಯನ್ನು ಮತ್ತೆ ತೆಗೆಯಬೇಕು.

ಚಾರ್ಜಿಂಗ್‌ನಲ್ಲಿದ್ದೂ ಆಡುವಾಗ ಬ್ಯಾಟರಿ ಪ್ರಮಾಣ ಇಳಿಯುತ್ತಿದೆಯೇ ಎಂಬುದನ್ನೂ ಬರೆದುಕೊಳ್ಳಿ. ಇಳಿಯುತ್ತಿದ್ದರೆ ಅಡಾಪ್ಟರ್ ಆಗಲೇ ಸಾಲದಾಗಿದೆ. ಹೆಚ್ಚುವರಿ ವ್ಯಾಟ್ ಎಲ್ಲಿಂದಲೂ ಬರುವುದಿಲ್ಲ. ಓವರ್‌ಕ್ಲಾಕ್ ವಿಚಾರ ಬಿಡಿ.

4. ಕೂಲಿಂಗನ್ನು ಸರಿಪಡಿಸಿ

ಎರಡು ವರ್ಷ ಹಳೆಯ ಯಂತ್ರವಾದರೆ ಕೆಳಗಿನ ಮುಚ್ಚಳ ತೆಗೆದು ನೋಡುವುದು ಅಗತ್ಯ. ವಾರಂಟಿ ಇನ್ನೂ ಇದ್ದರೆ ಮೊದಲು ಅದರ ಷರತ್ತುಗಳನ್ನು ಓದಿ; ಮುಚ್ಚಳ ತೆರೆಯುವುದಕ್ಕೆ ಒಬ್ಬೊಬ್ಬ ತಯಾರಕರ ನಿಲುವು ಒಂದೊಂದು ರೀತಿ.

ಯಂತ್ರ ಆರಿಸಿ, ಮುಚ್ಚಳ ತೆಗೆದ ತಕ್ಷಣ ಬ್ಯಾಟರಿಯ ಕನೆಕ್ಟರನ್ನು ಬಿಡಿಸಿ. ಈಗ ಫ್ಯಾನ್ ಗಾಳಿ ಊದುವ ಕಡೆ, ಅಂದರೆ ಫ್ಯಾನ್‌ಗೂ ಹೀಟ್‌ಸಿಂಕ್‌ನ ತೆಳುವಾದ ರೆಕ್ಕೆಗಳಿಗೂ ನಡುವೆ ಟಾರ್ಚ್ ಬಿಟ್ಟು ನೋಡಿ. ಹೊರಗಿನಿಂದ ಜಾಲರಿ ಸ್ವಚ್ಛವಾಗಿ ಕಂಡರೂ ಒಳಗೆ ಕಂಬಳಿಯ ಚೂರಿನಂತೆ ಒತ್ತಾಗಿ ಕೂತ ಬೂದುಬಣ್ಣದ ಧೂಳಿನ ಪಟ್ಟಿ ಸಿಗುತ್ತದೆ. ಜಾಲರಿಯ ಹೊರಗಿನಿಂದ ಬ್ಲೋವರ್ ಹಿಡಿದರೆ ಅದು ಹೋಗುವುದಿಲ್ಲ, ಹಿಂದಕ್ಕೆ ಸರಿದು ಮತ್ತೆ ಬಂದು ಕೂರುತ್ತದೆ. ಚಿಮುಟದಿಂದ ಎಳೆದು ತೆಗೆಯಬೇಕು. ಬ್ಲೋವರ್ ಬಳಸುವಾಗ ಫ್ಯಾನ್‌ನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಳ್ಳಿ. ಹುಚ್ಚು ವೇಗದಲ್ಲಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಧೂಳು ತೆಗೆದರೂ ತಾಪಮಾನ ಇಳಿಯದಿದ್ದರೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಥರ್ಮಲ್ ಪೇಸ್ಟ್ ಬದಲಿಸುವ ಯೋಚನೆ ಮಾಡಬಹುದು. ಹೀಟ್‌ಸಿಂಕ್‌ನ ಸ್ಕ್ರೂಗಳ ಪಕ್ಕದಲ್ಲಿ 1, 2, 3 ಎಂದು ಅಚ್ಚಾಗಿರುವುದು ಅಲಂಕಾರಕ್ಕಲ್ಲ. ಬಿಗಿಮಾಡುವಾಗ ಅದೇ ಕ್ರಮದಲ್ಲಿ, ಒಂದೇ ಸಲಕ್ಕೆ ಪೂರ್ತಿಯಾಗಿ ಅಲ್ಲದೆ ಸ್ವಲ್ಪ ಸ್ವಲ್ಪವಾಗಿ ತಿರುಗಿಸಬೇಕು. ಲ್ಯಾಪ್‌ಟಾಪ್‌ನ ಚಿಪ್‌ಗಳ ಮೇಲೆ ಲೋಹದ ಮುಚ್ಚಳವಿಲ್ಲದ ಕಾರಣ ತೆಳುವಾದ ಪೇಸ್ಟ್ ಕೆಲವೇ ತಿಂಗಳಲ್ಲಿ ಅಂಚಿಗೆ ಸರಿದುಹೋಗುವುದುಂಟು; ಪಿಟಿಎಂ7950ರಂತಹ, ಕಾದಾಗ ಮೆತ್ತಗಾಗುವ ಹಾಳೆ ಇಲ್ಲಿ ಹೆಚ್ಚು ಬಾಳುತ್ತದೆ ಎಂಬುದು ನನ್ನ ಅಭಿಪ್ರಾಯ. ಕಾರ್ಖಾನೆಯಲ್ಲೇ ಲಿಕ್ವಿಡ್ ಮೆಟಲ್ ಹಾಕಿರುವ ಯಂತ್ರವಾದರೆ ಹೀಟ್‌ಸಿಂಕನ್ನು ಬಿಚ್ಚಲೇಬೇಡಿ. ಅದು ವಿದ್ಯುತ್ ಹರಿಯಗೊಡುವ ದ್ರವ. ಒಂದು ಹನಿ ಮದರ್‌ಬೋರ್ಡ್ ಮೇಲೆ ಜಾರಿದರೂ ಶಾರ್ಟ್ ಆಗಬಹುದು.

ಹಿಂಭಾಗವನ್ನು ಎರಡು ಸೆಂಟಿಮೀಟರ್ ಎತ್ತರಿಸಿ, ಮೂರನೇ ಹಂತದ ದಾಖಲೆಯನ್ನು ಅದೇ ದೃಶ್ಯದಲ್ಲಿ ಮತ್ತೆ ತೆಗೆಯಿರಿ.

5. ವೋಲ್ಟೇಜ್ ಇಳಿಸಿ ನೋಡಿ

ಅದೇ ವೇಗವನ್ನು ಕಡಿಮೆ ವೋಲ್ಟೇಜ್‌ನಲ್ಲಿ ಓಡಿಸುವುದೇ ಅಂಡರ್‌ವೋಲ್ಟ್. ಬಿಸಿ ಕಡಿಮೆಯಾಗುವುದರಿಂದ ಪ್ರೊಸೆಸರ್ ತನ್ನ ಟರ್ಬೊ ವೇಗದಲ್ಲಿ ಹೆಚ್ಚು ಹೊತ್ತು ನಿಲ್ಲುತ್ತದೆ. ಲ್ಯಾಪ್‌ಟಾಪ್ ಮಟ್ಟಿಗೆ ಓವರ್‌ಕ್ಲಾಕ್‌ನಿಂದ ಜನ ಬಯಸುವ ಫಲ ಸಿಗುವುದು ಹೆಚ್ಚಾಗಿ ಈ ವಿರುದ್ಧ ದಿಕ್ಕಿನ ದಾರಿಯಲ್ಲಿ.

ಆದರೆ ಎಲ್ಲ ಯಂತ್ರಗಳಲ್ಲೂ ಇದು ಸಾಧ್ಯವಿಲ್ಲ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷ ಬಹಿರಂಗವಾಯಿತು. ಪ್ರೊಸೆಸರಿನ ವೋಲ್ಟೇಜನ್ನು ಬೇಕೆಂದೇ ಇಳಿಸಿ, ಇಂಟೆಲ್‌ನ ಸಂರಕ್ಷಿತ ಎಸ್‌ಜಿಎಕ್ಸ್ ವಲಯದ ಲೆಕ್ಕಗಳಲ್ಲಿ ತಪ್ಪು ಹುಟ್ಟಿಸುವ ದಾಳಿ ಅದು. ಅದಾದ ಮೇಲೆ ಬಂದ ಬಯಾಸ್ ಅಪ್‌ಡೇಟ್‌ಗಳು ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ವೋಲ್ಟೇಜ್ ನಿಯಂತ್ರಣಕ್ಕೆ ಬೀಗ ಹಾಕಿದವು. ವಿಂಡೋಸ್ 11ರಲ್ಲಿ ವರ್ಚುವಲೈಸೇಷನ್ ಆಧಾರಿತ ಭದ್ರತೆ ಚಾಲೂ ಇದ್ದರೂ ಈ ಸ್ಲೈಡರ್‌ಗಳು ಕೆಲಸ ಮಾಡುವುದಿಲ್ಲ. ಬ್ಯಾಂಕ್ ವ್ಯವಹಾರವನ್ನೂ ಅದೇ ಯಂತ್ರದಲ್ಲಿ ಮಾಡುವವರು ನಾಲ್ಕು ಫ್ರೇಮ್‌ಗಳ ಆಸೆಗೆ ಆ ಭದ್ರತೆಯನ್ನು ಆಫ್ ಮಾಡುವುದು ನನಗೆ ಸರಿಕಾಣುವುದಿಲ್ಲ.

ಅವಕಾಶವಿದ್ದರೆ ಥ್ರಾಟಲ್‌ಸ್ಟಾಪ್‌ನ ಎಫ್‌ಐವಿಆರ್ ಕಿಟಕಿಯಲ್ಲಿ ಕೋರ್ (ಲೆಕ್ಕ ಮಾಡುವ ಭಾಗ) ಮತ್ತು ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಎರಡಕ್ಕೂ ಮೈನಸ್ 50 ಮಿಲಿವೋಲ್ಟ್ ಕೊಟ್ಟು ಆರಂಭಿಸಿ, ಪ್ರತಿ ಸಲ 10 ಮಿಲಿವೋಲ್ಟ್‌ನಷ್ಟು ಇಳಿಸುತ್ತ ಹೋಗಿ. ವೋಲ್ಟೇಜನ್ನು ಕೂಡಲೇ ಉಳಿಸಿಡಬೇಡ ಎಂಬ ಆಯ್ಕೆ ಅದೇ ಕಿಟಕಿಯ ಕೆಳಗಿದೆ, ಅದನ್ನೇ ಆರಿಸಿ. ಹಾಗಿದ್ದರೆ ಯಂತ್ರ ಕೈಕೊಟ್ಟಾಗ ರೀಸ್ಟಾರ್ಟ್ ಆದೊಡನೆ ಎಲ್ಲವೂ ಮೊದಲಿನಂತಾಗುತ್ತದೆ. ಯಂತ್ರ ತೊಡರಿದ ಅಂಕಿಯಿಂದ 15 ಅಥವಾ 20 ಮಿಲಿವೋಲ್ಟ್ ಹಿಂದಕ್ಕೆ ಬಂದು ನಿಲ್ಲಿ.

6. ಲೆಕ್ಕ ಹಾಕಿ ನಿರ್ಧರಿಸಿ

ಪ್ರೊಸೆಸರ್ ಕೆಲಸ ಮಾಡುವಾಗ ಹುಟ್ಟುವ ಬಿಸಿ ವೇಗಕ್ಕೆ ಅನುಪಾತದಲ್ಲೂ, ವೋಲ್ಟೇಜ್‌ನ ವರ್ಗಕ್ಕೆ ಅನುಪಾತದಲ್ಲೂ ಏರುತ್ತದೆ. 4.5 ಗಿಗಾಹರ್ಟ್ಸ್‌ನಿಂದ 4.7ಕ್ಕೆ ಏರಿಸುವುದೆಂದರೆ ಸುಮಾರು ಶೇ. 4.4ರ ಏರಿಕೆ. ಅದನ್ನು ಸ್ಥಿರವಾಗಿಡಲು ವೋಲ್ಟೇಜನ್ನು 1.20ರಿಂದ 1.26ಕ್ಕೆ ತರಬೇಕಾಯಿತು ಎಂದುಕೊಂಡರೆ, 1.05ರ ವರ್ಗವನ್ನು 1.044ರಿಂದ ಗುಣಿಸಿದಾಗ ಬಿಸಿ ಸುಮಾರು ಶೇ. 15 ಹೆಚ್ಚುತ್ತದೆ. 65 ವ್ಯಾಟ್ ಇದ್ದದ್ದು 75ರ ಹತ್ತಿರ ಬರುತ್ತದೆ. ಪ್ರತಿಯಾಗಿ ಸಿಗುವುದೇನು? 90 ಫ್ರೇಮ್ ಬರುತ್ತಿದ್ದ ಆಟದಲ್ಲಿ, ತಡೆ ಪೂರ್ತಿ ಪ್ರೊಸೆಸರಿನದೇ ಆಗಿದ್ದರೂ, ಹೆಚ್ಚೆಂದರೆ 94. ಆ ಹತ್ತು ವ್ಯಾಟ್ ಗ್ರಾಫಿಕ್ಸ್ ಚಿಪ್‌ನ ಹೀಟ್‌ಪೈಪನ್ನೂ ಕಾಯಿಸುತ್ತದೆ ಎಂಬುದನ್ನು ಸೇರಿಸಿಕೊಂಡರೆ ಆ ನಾಲ್ಕೂ ಉಳಿಯುವ ಭರವಸೆಯಿಲ್ಲ.

ಕೋಣೆಯ ತಾಪಮಾನವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಕೋಣೆ ಒಂದು ಡಿಗ್ರಿ ಏರಿದರೆ ಚಿಪ್ ಕೂಡ ಸುಮಾರು ಒಂದು ಡಿಗ್ರಿ ಏರುತ್ತದೆ. ಬೆಂಗಳೂರಿನ ಜನವರಿಯ ರಾತ್ರಿ, 22 ಡಿಗ್ರಿಯ ಕೋಣೆಯಲ್ಲಿ 86 ಡಿಗ್ರಿ ತೋರಿಸಿದ ಯಂತ್ರ, ಹೊರಗೆ 40 ದಾಟುವ ಕಲಬುರಗಿ ಅಥವಾ ರಾಯಚೂರಿನ ಮೇ ತಿಂಗಳಲ್ಲಿ, 36 ಡಿಗ್ರಿಯ ಕೋಣೆಯೊಳಗೆ 100 ಮುಟ್ಟುತ್ತದೆ. ಇಂಟೆಲ್‌ನ ಬಹುತೇಕ ಗೇಮಿಂಗ್ ಲ್ಯಾಪ್‌ಟಾಪ್ ಚಿಪ್‌ಗಳು ತಮ್ಮನ್ನು ತಾವೇ ಹಿಂದಕ್ಕೆಳೆದುಕೊಳ್ಳುವುದು ಆ 100ರಲ್ಲಿ.

ನನ್ನ ಲೆಕ್ಕದಲ್ಲಿ ಮುಂದುವರಿಯಬೇಕಾದರೆ ಎಲ್ಲವೂ ಕೂಡಿಬರಬೇಕು: ತಡೆ ಪ್ರೊಸೆಸರಿನದೆಂದು ಎರಡನೇ ಹಂತ ತೋರಿಸಿರಬೇಕು, ಅರ್ಧ ಗಂಟೆಯ ನಂತರವೂ ವರ್ಷದ ಅತ್ಯಂತ ಬಿಸಿ ದಿನದ ಅಂದಾಜಿನಲ್ಲಿ ಮಿತಿಗಿಂತ ಹತ್ತು ಡಿಗ್ರಿ ಕೆಳಗಿರಬೇಕು, ಲಿಮಿಟ್ಸ್ ಕಿಟಕಿಯಲ್ಲಿ ಕೆಂಪು ಇರಬಾರದು, ಅಡಾಪ್ಟರ್ ಬ್ಯಾಟರಿಯ ಸಹಾಯ ಕೇಳುತ್ತಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ಓವರ್‌ಕ್ಲಾಕ್ ಬೇಡ. ಪ್ರಾಜೆಕ್ಟ್ ಸಲ್ಲಿಕೆಯ ಗಡುವು ಹತ್ತಿರವಿರುವ ವಿದ್ಯಾರ್ಥಿಗಳಿಗೆ, ಕಚೇರಿ ಕೆಲಸವನ್ನೂ ಅದೇ ಯಂತ್ರದಲ್ಲಿ ಮಾಡುವವರಿಗೆ, ಎಲ್ಲವೂ ಕೂಡಿಬಂದರೂ ಬೇಡವೆನ್ನುತ್ತೇನೆ. ತಯಾರಕರು ಅನುಮತಿಸಿರುವ ಮಟ್ಟವನ್ನು ಮೀರಿ ವೇಗ ಅಥವಾ ವೋಲ್ಟೇಜ್ ಬದಲಿಸಿದರೆ ವಾರಂಟಿ ಹೋಗಬಹುದು ಎಂಬುದೂ ನೆನಪಿರಲಿ.

7. ಮುಂದುವರಿಯುವವರು ಒಂದೊಂದೇ ಮೆಟ್ಟಿಲು ಏರಿ

ಬದಲಾವಣೆಯನ್ನು ಬಯಾಸ್‌ನಲ್ಲಿ ಮಾಡಬೇಡಿ, ವಿಂಡೋಸ್‌ನೊಳಗಿನ ಸಾಫ್ಟ್‌ವೇರ್‌ನಲ್ಲೇ ಮಾಡಿ. ಬಯಾಸ್‌ನಲ್ಲಿ ಕೊಟ್ಟ ಅಂಕಿ ತಪ್ಪಾದರೆ ಯಂತ್ರ ಬೂಟ್ ಆಗದೆ ನಿಲ್ಲಬಹುದು, ಡೆಸ್ಕ್‌ಟಾಪ್‌ನಂತೆ ಸುಲಭಕ್ಕೆ ಕೈಗೆ ಸಿಗುವ ರೀಸೆಟ್ ಜಂಪರ್ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಇರುವುದಿಲ್ಲ. ಬೇಸ್ ಕ್ಲಾಕ್ ಎಂಬ 100 ಮೆಗಾಹರ್ಟ್ಸ್‌ನ ಅಂಕಿ ಕಂಡರೂ ಅದನ್ನು ಮುಟ್ಟಬೇಡಿ.

ಮಲ್ಟಿಪ್ಲೈಯರನ್ನು ಒಂದು ಅಂಕಿಯಷ್ಟು ಮಾತ್ರ ಏರಿಸಿ. ಅಷ್ಟೇ 100 ಮೆಗಾಹರ್ಟ್ಸ್ ಆಯಿತು. ವೋಲ್ಟೇಜನ್ನು ಏರಿಸಬೇಡಿ. ಐದನೇ ಹಂತದಲ್ಲಿ ಸಿಕ್ಕ ಅಂಡರ್‌ವೋಲ್ಟ್‌ನಲ್ಲಿ ಸ್ವಲ್ಪ ಭಾಗವನ್ನು ಬಿಟ್ಟುಕೊಟ್ಟರೆ ಎಷ್ಟು ವೇಗ ಬರುತ್ತದೆಯೋ ಅದೇ ನಿಮ್ಮ ಮಿತಿ ಎಂದಿಟ್ಟುಕೊಳ್ಳಿ. ವಿಪರೀತ ವೋಲ್ಟೇಜ್ ಚಿಪ್ಪನ್ನು ಶಾಶ್ವತವಾಗಿ ಕೆಡಿಸಬಲ್ಲದು. 2024ರಲ್ಲಿ ಇಂಟೆಲ್‌ನ 13 ಮತ್ತು 14ನೇ ಪೀಳಿಗೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಅಸ್ಥಿರತೆಯ ಮೂಲದಲ್ಲಿ ಇದ್ದದ್ದು ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜೇ, ಅದಕ್ಕೆ ಮೈಕ್ರೊಕೋಡ್ (ಪ್ರೊಸೆಸರಿನೊಳಗಿನ ನಿಯಂತ್ರಣ ತಂತ್ರಾಂಶ) ತಿದ್ದುಪಡಿ ಬರಬೇಕಾಯಿತು.

8. ಸ್ಥಿರತೆಯ ಪರೀಕ್ಷೆ

ಪ್ರತಿ ಮೆಟ್ಟಿಲಿನಲ್ಲೂ ಸಿನೆಬೆಂಚ್‌ನ ಹತ್ತು ನಿಮಿಷದ ಪರೀಕ್ಷೆ ಓಡಿಸಿ. ಇಲ್ಲಿ ಅನುಭವಿಗಳೂ ಎಡವುತ್ತಾರೆ. ಎಲ್ಲ ಕೋರ್‌ಗಳಿಗೂ ಹೊರೆ ಬಿದ್ದಾಗ ಲ್ಯಾಪ್‌ಟಾಪ್ ಪಿಎಲ್1 ಮಿತಿಗೆ ಇಳಿದು 3.6 ಗಿಗಾಹರ್ಟ್ಸ್‌ನಲ್ಲಿ ಓಡುತ್ತಿರುತ್ತದೆ. ನೀವು ಹೊಸದಾಗಿ ಕೊಟ್ಟ 4.7ರ ವೇಗ ಪರೀಕ್ಷೆಗೆ ಒಳಗಾಗಲೇ ಇಲ್ಲ! ಪರೀಕ್ಷೆ ಗಂಟೆಗಟ್ಟಲೆ ಪಾಸಾಗಿ, ಸಂಜೆ ಹಗುರವಾದ ಆಟವೊಂದರ ಮೆನುವಿನಲ್ಲಿ ಯಂತ್ರ ಬೀಳುವುದು ಇದೇ ಕಾರಣಕ್ಕೆ. ಆದ್ದರಿಂದ ಸಿನೆಬೆಂಚ್‌ನ ಸಿಂಗಲ್ ಕೋರ್ ಪರೀಕ್ಷೆಯನ್ನೂ, ಕೋರ್‌ಗಳನ್ನು ಒಂದಾದ ಮೇಲೊಂದರಂತೆ ದಣಿಸುವ ಕೋರ್‌ಸೈಕ್ಲರ್‌ನಂತಹ ಪರೀಕ್ಷೆಯನ್ನೂ ಓಡಿಸಬೇಕು. ಕೊನೆಗೆ ಒಂದು ವಾರ ನಿಮ್ಮ ಮಾಮೂಲಿ ಬಳಕೆ. ಅದಾದ ನಂತರವೇ ಬದಲಾವಣೆಯನ್ನು ಉಳಿಸಿ, ವಿಂಡೋಸ್ ಜೊತೆಗೆ ತಾನಾಗಿ ಶುರುವಾಗುವಂತೆ ಮಾಡಿ.

ಅಪಾಯದ ಸೂಚನೆಗಳು

ಇವೆಂಟ್ ವ್ಯೂವರ್‌ನ ಸಿಸ್ಟಮ್ ದಾಖಲೆಯಲ್ಲಿ ‘ವ್ಹಿಯಾ ಲಾಗರ್’ ಹೆಸರಿನ ನಮೂದುಗಳನ್ನು ವಾರಕ್ಕೊಮ್ಮೆ ಹುಡುಕಿ. ಸಂಖ್ಯೆ 19 ಎಂದರೆ ಹಾರ್ಡ್‌ವೇರ್ ತಪ್ಪು ನಡೆದು ತಾನಾಗಿಯೇ ಸರಿಹೋಗಿದೆ ಎಂದರ್ಥ. ಯಂತ್ರ ಬಿದ್ದಿಲ್ಲವಲ್ಲ ಎಂದು ಸಮಾಧಾನಪಡಬೇಡಿ, ಒಂದು ಮೆಟ್ಟಿಲು ಇಳಿಯಿರಿ. ಆಟ ಸದ್ದಿಲ್ಲದೆ ಮುಚ್ಚಿ ಡೆಸ್ಕ್‌ಟಾಪ್ ಕಾಣಿಸಿಕೊಳ್ಳುವುದು, ಜಿಪ್ ಫೈಲ್‌ಗಳು ಬಿಚ್ಚುವಾಗ ದೋಷ ತೋರಿಸುವುದು, ನಿದ್ದೆಯಿಂದ ಏಳಿಸಿದಾಗ ಪರದೆ ಕಪ್ಪಾಗಿಯೇ ಉಳಿಯುವುದು, ಇವೂ ಅದೇ ಜಾತಿಯ ಸೂಚನೆಗಳು.

ಟಚ್‌ಪ್ಯಾಡ್ ಉಬ್ಬಿದಂತಿದ್ದರೆ, ಅದರ ಕ್ಲಿಕ್ ಇದ್ದಕ್ಕಿದ್ದಂತೆ ಬಿಗಿಯಾದರೆ, ಅಥವಾ ಮೇಜಿನ ಮೇಲಿಟ್ಟಾಗ ಯಂತ್ರ ಅಲುಗಾಡತೊಡಗಿದರೆ ಆ ಕ್ಷಣವೇ ಆರಿಸಿ, ಚಾರ್ಜರ್ ತೆಗೆಯಿರಿ. ಬಿಸಿಗೆ ಬ್ಯಾಟರಿ ಊದಿಕೊಳ್ಳುತ್ತಿರಬಹುದು. ಅದನ್ನು ಚುಚ್ಚುವುದು, ಒತ್ತಿ ಕೂರಿಸುವುದು ಬೆಂಕಿಗೆ ದಾರಿ. ಸರ್ವಿಸ್ ಕೇಂದ್ರದಲ್ಲಿ ಬದಲಿಸಬೇಕು.

9. ಹಿಂದಿರುಗುವ ದಾರಿ ಮತ್ತು ವರ್ಷದ ತಪಾಸಣೆ

ಎಲ್ಲವನ್ನೂ ಮೊದಲಿನಂತೆ ಮಾಡಲು ಥ್ರಾಟಲ್‌ಸ್ಟಾಪ್‌ನ ಐಎನ್‌ಐ ಫೈಲನ್ನು ಅಳಿಸಿ, ಟಾಸ್ಕ್ ಶೆಡ್ಯೂಲರ್‌ನಲ್ಲಿ ಅದರ ನಮೂದು ಇದ್ದರೆ ತೆಗೆದು, ಯಂತ್ರವನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿದರೆ ಸಾಕು. ವಿಂಡೋಸ್ ತೆರೆದೊಡನೆ ಬೀಳುತ್ತಿದ್ದರೆ ಸೇಫ್ ಮೋಡ್‌ನಲ್ಲಿ ಹೋಗಿ ಇದೇ ಕೆಲಸ ಮಾಡಿ.

ಬಯಾಸ್ ಅಪ್‌ಡೇಟ್ ಆದ ಮೇಲೆ ಹಳೆಯ ಅಂಕಿಗಳು ಹಾಗೆಯೇ ಇವೆ ಎಂದು ನಂಬದೆ ಒಮ್ಮೆ ತೆರೆದು ನೋಡಿ, ಏಕೆಂದರೆ ವೋಲ್ಟೇಜ್ ಸ್ಲೈಡರ್ ಬೀಗ ಬಿದ್ದು ಮಲ್ಟಿಪ್ಲೈಯರ್ ಮಾತ್ರ ಏರಿದ ಸ್ಥಿತಿಯಲ್ಲಿ ಉಳಿದಿರಬಹುದು. ಪ್ರತಿ ವರ್ಷ ಮಾರ್ಚ್ ಕೊನೆಯ ವಾರದಲ್ಲಿ ಧೂಳು ತೆಗೆದು, ನೋಟ್‌ಬುಕ್‌ನಲ್ಲಿ ಬರೆದಿಟ್ಟ ಅದೇ ದೃಶ್ಯದಲ್ಲಿ ಅರ್ಧ ಗಂಟೆಯ ದಾಖಲೆ ತೆಗೆಯಿರಿ; ಮಿತಿಗೂ ನಿಮ್ಮ ತಾಪಮಾನಕ್ಕೂ ನಡುವಿನ ಅಂತರ ಹತ್ತು ಡಿಗ್ರಿಗಿಂತ ಕಡಿಮೆ ಬಂದರೆ ಮಳೆಗಾಲದವರೆಗೆ ಮಲ್ಟಿಪ್ಲೈಯರನ್ನು ಮೂಲ ಅಂಕಿಗೆ ಇಳಿಸಿಡಿ.